ಸೊರಟೂರ

ಗದಗ ತಾಲ್ಲೂಕಿನ ದಕ್ಷಿಣ ಭಾಗದ ಎರೆಭೂಮಿಯ ಹಳ್ಳಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನೂ ಸೇವುಣರ ಐದನೆಯ ಭಿಲ್ಲಮನೂ ಕುಂತಳದ ಒಡೆತನಕ್ಕಾಗಿ ಕಾದಿದ ಕಣವಾಗಿ ಕರ್ನಾಟಕದ ಇತಿಹಾಸದಲ್ಲಿ ಹೆಸರಾಗಿದೆ. ಜೋಳ, ಹತ್ತಿ, ಉಳ್ಳಾಗಡ್ಡಿ ಬೆಳೆಯುವ ಈ ಸೀಮೆಯಲ್ಲಿ ಹಳೆಯ ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರು ನಾಡುಗಳು ಅಕ್ಕಪಕ್ಕದಲ್ಲಿದ್ದವು. ಮೊದಲನೆಯದಕ್ಕೆ ಅಣ್ಣಿಗೇರಿ, ಎರಡನೆಯದಕ್ಕೆ ಇಂದಿನ ಲಕ್ಷ್ಮೇಶ್ವರ ಮುಖ್ಯ ಸ್ಥಳ.

ಪ್ರಾಚೀನತೆ: ಊರಿನ ಶಾಸನಗಳು ರಾಷ್ಟ್ರಕೂಟರ ಕಾಲದಿಂದಲೇ ಸಿಗುತ್ತವೆ; ಅಮೋಘವರ್ಷನ ಆಳ್ವಿಕೆಯದೂ ಅವುಗಳಲ್ಲಿ ಒಂದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಊರಿನ ಹೆಸರು ಸರಟವುರ. ಇಮ್ಮಡಿ ಸೋಮೇಶ್ವರನ ಆಳ್ವಿಕೆಯ 1071ರ ಶಾಸನದ ಪ್ರಕಾರ ದಂಡನಾಯಕ ಬಲದೇವಯ್ಯ ಇಲ್ಲಿ ಬಲದೇವ ಜಿನಾಲಯವನ್ನು ಕಟ್ಟಿಸಿದ. ಅದರ ದತ್ತಿಯನ್ನು ಪಡೆದವಳು ಹುಲಿಯಬ್ಬಜ್ಜಿಕೆ ಎಂಬ ಜೈನ ಸನ್ಯಾಸಿನಿ. ಬಸದಿಯ ದತ್ತಿ ಹೆಣ್ಣೊಬ್ಬಳ ಕೈಗೆ ಸೇರಿದ್ದನ್ನು ಹೇಳುವ ಈ ಶಾಸನ, ಅಂದಿನ ಧಾರ್ಮಿಕ ಬದುಕಿನಲ್ಲಿ ಸನ್ಯಾಸಿನಿಯರಿಗಿದ್ದ ಸ್ಥಾನವನ್ನು ಅರಿಯಲು ಬಹಳ ಮುಖ್ಯವಾದುದು. ಸಮೀಪದ ಮುಳಗುಂದವೂ ಹತ್ತನೆಯ ಶತಮಾನದ ಆರಂಭದಿಂದಲೇ ಜೈನಕೇಂದ್ರವಾಗಿತ್ತು.

ಸೊರಟೂರ ಕದನ: ನಾಲ್ಕನೆಯ ಸೋಮೇಶ್ವರನೊಡನೆ ಚಾಲುಕ್ಯರ ಪ್ರಭುತ್ವ ಕುಸಿದಾಗ, ಉತ್ತರದಿಂದ ಸೇವುಣರು, ದಕ್ಷಿಣದಿಂದ ಹೊಯ್ಸಳರು ಅದೇ ನೆಲಕ್ಕೆ ನುಗ್ಗಿದರು. ತುಂಗಭದ್ರೆಯನ್ನು ದಾಟಿ ಬರುವವನಿಗೆ, ಸೊರಟೂರು ಇರುವ ಕಪ್ಪತಗುಡ್ಡದ ಪಡುವಣ ಬಯಲು ಬೆಳ್ವೊಲದ ಹೆಬ್ಬಾಗಿಲು. ಬಲ್ಲಾಳ ಭಿಲ್ಲಮನ ಸೈನ್ಯವನ್ನು ಸೊರಟೂರಿನಲ್ಲಿ ಮುರಿದ. ಸೇವುಣರ ಕಡೆ ಎರಡು ಲಕ್ಷ ಕಾಲಾಳು, 12,000 ಕುದುರೆ ಇದ್ದವೆಂದೂ, ಸೋತವರನ್ನು ಕೃಷ್ಣೆಯ ದಡದವರೆಗೆ ಅಟ್ಟಿದನೆಂದೂ ಹೊಯ್ಸಳ ಶಾಸನಗಳು ಹೊಗಳುತ್ತವೆ. ಪ್ರಶಸ್ತಿಯ ಅಂಕಿಗಳನ್ನು ಹಾಗೆಯೇ ಒಪ್ಪಬೇಕಿಲ್ಲವಾದರೂ, ಗೆಲುವು ದೊಡ್ಡದೆಂಬುದನ್ನು ಮುಂದಿನ ಘಟನೆಗಳು ತೋರಿಸುತ್ತವೆ. ಬಳಿಕ ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ, ಭಿಲ್ಲಮನ ಬಲಗೈಯೆನಿಸಿದ್ದ ಜೈತ್ರಸಿಂಹನೂ ಸೋತ.

ಕದನದ ಕಾಲ: ಕೆಲವರು 1190 ಎಂದರೆ, ಕೆಲವರು 1191 ಎನ್ನುತ್ತಾರೆ. ಈ ಚರ್ಚೆಗೆ ಗದಗದ ತ್ರಿಕೂಟೇಶ್ವರ ದೇವಾಲಯದ ಎರಡು ದತ್ತಿಗಳು ನೆರವಾಗುತ್ತವೆ. 1191ರ ಜೂನ್‌ನಲ್ಲಿ ದೇವಾಲಯಕ್ಕೆ ಊರನ್ನು ದತ್ತಿಯಾಗಿ ಬಿಟ್ಟವನು ಭಿಲ್ಲಮ. 1192ರ ನವೆಂಬರ್‌ನಲ್ಲಿ ಅದೇ ದೇವರಿಗೆ ಇನ್ನೊಂದು ಊರನ್ನು ಬಿಟ್ಟವನು ಬಲ್ಲಾಳ. ಸುಮಾರು ಒಂದೂವರೆ ವರ್ಷದೊಳಗೆ ಈ ಸೀಮೆಯ ಒಡೆತನ ಬದಲಾಗಿತ್ತೆಂಬುದು ಇದರಿಂದ ಸ್ಪಷ್ಟ.

ಅನಂತರ: ಹೊಯ್ಸಳರ ಹಿಡಿತ ಬಹುಕಾಲ ಉಳಿಯಲಿಲ್ಲ. 1213ರ ಹೊತ್ತಿಗೆ ಇಮ್ಮಡಿ ಸಿಂಘಣ ಗದಗದ ಪ್ರದೇಶವನ್ನು ಮತ್ತೆ ಸೇವುಣರಿಗೆ ಗೆದ್ದುಕೊಟ್ಟಿದ್ದ. ಬ್ರಿಟಿಷರ ಕಾಲದಲ್ಲಿ ಊರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಏಕೀಕೃತ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸದಾಗಿ ರಚನೆಯಾದ ಗದಗ ಜಿಲ್ಲೆಗೆ ಬಂತು.

ಮಹತ್ವ: ಕದನದ ಸುದ್ದಿಯನ್ನು ನಮಗೆ ತಲುಪಿಸಿದವು ಗೆದ್ದವರ ಪ್ರಶಸ್ತಿಗಳು. ಊರಿನ ಸ್ವಂತ ಬಾಳಿನ ಕುರುಹುಗಳು, ಅಂದರೆ ಬಸದಿ, ದತ್ತಿ, ದಾನ ಪಡೆದವರ ಹೆಸರು, ಉಳಿದಿರುವುದು ಊರಿನ ಶಾಸನಗಳಲ್ಲಿ. ಸೊರಟೂರಿನ ಇತಿಹಾಸವನ್ನು ಪೂರ್ತಿಯಾಗಿ ಅರಿಯಲು ಇವೆರಡನ್ನೂ ಜೊತೆಗಿಟ್ಟು ಓದಬೇಕು. ಶಾಸನದ ಕಲ್ಲುಗಳು ಸವೆಯದಂತೆ ಕಾಪಾಡುವುದು ಅದಕ್ಕೆ ಮೊದಲ ಹೆಜ್ಜೆ.