ಜಡ್ಡಿ, ಹಳ್ಳ, ತೋಟ: ಉತ್ತರ ಕನ್ನಡದ ರಾಮಪತ್ರೆ ಜೌಗುಕಾಡುಗಳಲ್ಲಿ ಜೀವಾವಲಂಬನೆಯ ಸ್ವರೂಪ

ಪ್ರಸ್ತಾವನೆ

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನೊಳಗೆ, ಹಳ್ಳಗಳು ಹುಟ್ಟುವ ತಗ್ಗುಗಳಲ್ಲಿ, ಬೇಸಿಗೆಯಲ್ಲೂ ಆರದ ಕೆಸರುನೆಲದ ಮೇಲೆ ಬೆಳೆದ ಒಂದು ಬಗೆಯ ಕಾಡಿದೆ. ಉತ್ತರ ಕನ್ನಡದ ಜನ ಇದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಮಿರಿಸ್ಟಿಕಾ ಜೌಗು ಎಂಬ ಹೆಸರಿದೆ. ಜಾಜಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳೇ ಇಲ್ಲಿ ಪ್ರಧಾನ.

ಜೀವಿಗಳ ಪರಸ್ಪರಾವಲಂಬನೆಯನ್ನು ನಾವು ಸಾಮಾನ್ಯವಾಗಿ ಆಹಾರ ಸರಪಳಿಯ ಮೂಲಕ ವಿವರಿಸುತ್ತೇವೆ. ಯಾವುದು ಯಾವುದನ್ನು ತಿನ್ನುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಸಂಬಂಧ ಅರ್ಥವಾಯಿತು ಎಂದುಕೊಳ್ಳುತ್ತೇವೆ. ಜಡ್ಡಿಯನ್ನು ಅರಿಯಲು ಅಷ್ಟು ಸಾಲದು. ಇಲ್ಲಿನ ಮರ, ಹಕ್ಕಿ, ಏಡಿ, ಸಿಂಗಳೀಕ ಮತ್ತು ಕೆಳಗಿನ ಕಣಿವೆಯ ಅಡಿಕೆ ಬೆಳೆಗಾರ ಒಬ್ಬರನ್ನೊಬ್ಬರು ಕಾಣದಿದ್ದರೂ ಒಂದೇ ನೀರಿನ ಮೂಲಕ ಹೆಣೆದುಕೊಂಡಿದ್ದಾರೆ. ಆದ್ದರಿಂದ ಇಲ್ಲಿ ಸಂರಕ್ಷಣೆಯ ಘಟಕವಾಗಬೇಕಾದದ್ದು ಒಂದು ಪ್ರಭೇದವೂ ಅಲ್ಲ, ಗಡಿಕಲ್ಲು ನೆಟ್ಟ ಒಂದು ಅರಣ್ಯವೂ ಅಲ್ಲ. ಮೂಲದಿಂದ ತೋಟದವರೆಗಿನ ಇಡೀ ಹಳ್ಳ. ಇದು ಪ್ರಸ್ತುತ ಲೇಖನದ ವಾದ.

ನೆಲೆ ಮತ್ತು ಅಧ್ಯಯನದ ಹಿನ್ನೆಲೆ

ಈ ಬಗೆಯ ಜೌಗುಕಾಡನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವರು ಕೃಷ್ಣಮೂರ್ತಿ. 1960ರಲ್ಲಿ ಅವರು ತಿರುವಾಂಕೂರಿನ ಜೌಗುಗಳನ್ನು ವರದಿ ಮಾಡಿದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಭಾರತದ ಕಾಡುಗಳನ್ನು ವರ್ಗೀಕರಿಸಿದಾಗ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ಉತ್ತರ ಕನ್ನಡದ ಜಡ್ಡಿಗಳ ಬಗ್ಗೆ ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕದ ಮಟ್ಟಿಗೆ ಮಹತ್ವದ ತಿರುವು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಈ ಅಧ್ಯಯನಗಳ ಕೇಂದ್ರ. ಗೇರಿನ ಬಂಧುವಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ಹೊಸ ಪ್ರಭೇದವೆಂದು 2000ದಲ್ಲಿ ವಿವರಿಸಲಾಯಿತು. ಊರಿನ ಹೆಸರೇ ಅದರ ಹೆಸರಿನಲ್ಲಿ ನಿಂತಿದೆ. ತೀರಾ ಅಪಾಯದಂಚಿನಲ್ಲಿರುವ ನೇರಳೆ ಕುಲದ ಸಿಜಿಜಿಯಂ ಟ್ರಾವಂಕೋರಿಕಂ ಕೂಡ ಈ ಜಿಲ್ಲೆಯ ಜಡ್ಡಿಗಳಲ್ಲಿ ಪತ್ತೆಯಾಯಿತು. ದೂರದ ಕೇರಳದ ದಕ್ಷಿಣ ಭಾಗಕ್ಕೆ ಸೀಮಿತವೆಂದು ತಿಳಿದಿದ್ದ ಮರವೊಂದು ಇಷ್ಟು ಉತ್ತರದಲ್ಲಿ ಉಳಿದುಕೊಂಡಿರುವುದು ಒಂದು ಸೂಚನೆ: ಒಂದು ಕಾಲಕ್ಕೆ ಘಟ್ಟದುದ್ದಕ್ಕೂ ಹರಡಿದ್ದ ತೇವದ ಕಾಡು ಒಡೆದು ಚೂರಾಗಿದೆ, ಇಂದಿನ ಜಡ್ಡಿಗಳು ಆ ಚೂರುಗಳು.

ಕೆಸರು, ಬೇರು, ನೀರು

ಜಡ್ಡಿಯ ಮಣ್ಣು ಸದಾ ನೀರು ತುಂಬಿಕೊಂಡಿರುವುದರಿಂದ ಅದರಲ್ಲಿ ಆಮ್ಲಜನಕ ತೀರ ಕಡಿಮೆ. ಸಾಮಾನ್ಯ ಮರದ ಬೇರು ಇಲ್ಲಿ ಉಸಿರುಕಟ್ಟಿ ಕೊಳೆಯುತ್ತದೆ. ಜಿಮ್ನಾಕ್ರಾಂಥೆರಾ ಕೆನರಿಕಾ ಮರದ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿನೊಳಗೆ ಇಳಿಯುತ್ತದೆ. ಹೊರಗೆ ಕಾಣುವ ಆ ಬಾಗಿನ ತೊಗಟೆಯಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ಬೇರು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಇನ್ನೊಂದು ದಾರಿ ಕಂಡುಕೊಂಡಿದೆ. ಅದರ ಕಾಂಡದ ಕೆಳಭಾಗದಿಂದ ಹೊರಟ ಊರುಗೋಲು ಬೇರುಗಳು ಸುತ್ತಲೂ ಕೆಸರಿಗಿಳಿದು, ಮೆದುನೆಲದಲ್ಲಿ ಎತ್ತರದ ಮರವನ್ನು ವಾಲದಂತೆ ಹಿಡಿಯುತ್ತವೆ.

ಈ ಬೇರುಗಳ ಕೆಲಸ ಮರಕ್ಕಷ್ಟೇ ಸೀಮಿತವಲ್ಲ. ಮೊಣಕಾಲು ಬೇರುಗಳ ಸಂದಿಯಲ್ಲಿ ಉದುರಿದ ಎಲೆ, ಕಡ್ಡಿ, ಹೂಳು ತಡೆದು ನಿಲ್ಲುತ್ತವೆ. ಹರಿವ ನೀರಿನ ವೇಗ ತಗ್ಗುತ್ತದೆ. ಎಲೆಗೊಬ್ಬರದ ಪದರ ದಪ್ಪವಾದಷ್ಟೂ ಮಣ್ಣು ಹೆಚ್ಚು ನೀರು ಹೀರುತ್ತದೆ. ಹೀರಿದ್ದನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಘಟ್ಟದಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಏಪ್ರಿಲ್ ತಿಂಗಳಲ್ಲೂ ಹಳ್ಳ ಹರಿಯುತ್ತಿದ್ದರೆ ಅದಕ್ಕೆ ಈ ತಡೆದು ನಿಲ್ಲಿಸುವ ಕೆಲಸವೇ ಕಾರಣ.

ಇಲ್ಲಿ ಕಾರಣ ಮತ್ತು ಪರಿಣಾಮಗಳು ವರ್ತುಲವಾಗಿ ಸುತ್ತುತ್ತವೆ. ನೀರಿದ್ದರಿಂದ ಈ ಮರಗಳು ಬೆಳೆದವು. ಈ ಮರಗಳಿದ್ದರಿಂದ ನೀರು ನಿಂತಿತು. ಮೇಲಿನ ಇಳಿಜಾರಿನ ಕಾಡು ಕಡಿದರೆ ಜಡ್ಡಿಗೆ ಬರುವ ಒರತೆ ಕುಗ್ಗುತ್ತದೆ. ಕೆಸರು ಒಣಗಿದ ಮೇಲೆ ಜೌಗಿಗೆ ಒಗ್ಗಿದ ಮರಗಳಿಗೆ ಇದ್ದ ಅನುಕೂಲ ಹೋಗುತ್ತದೆ. ಒಣನೆಲದ ಗಿಡಗಳು ಒಳನುಗ್ಗುತ್ತವೆ. ಜಡ್ಡಿಯೊಳಗೆ ಒಂದು ಮರವನ್ನೂ ಮುಟ್ಟದೆ ಜಡ್ಡಿಯನ್ನು ಕೊಲ್ಲಲು ಸಾಧ್ಯ ಎಂಬುದನ್ನು ನಮ್ಮ ಸಂರಕ್ಷಣಾ ಚಿಂತನೆ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಬೀಜದ ಪಯಣ

ಈ ಕುಟುಂಬದ ಮರಗಳಲ್ಲಿ ಸಾಮಾನ್ಯವಾಗಿ ಗಂಡುಮರ, ಹೆಣ್ಣುಮರ ಬೇರೆಬೇರೆ. ಹಣ್ಣು ಬಿಡುವುದು ಹೆಣ್ಣುಮರ ಮಾತ್ರ. ಅದಕ್ಕೂ ಕೀಟಗಳು ಹಾರಿಬರುವಷ್ಟು ದೂರದಲ್ಲಿ ಗಂಡುಮರ ಇರಬೇಕು. ಆದ್ದರಿಂದ ಒಂದು ಜಡ್ಡಿ ಚಿಕ್ಕದಾಗಿ ನಾಲ್ಕಾರು ಮರಗಳಿಗೆ ಇಳಿಯಿತೆಂದರೆ, ಮರಗಳು ಹಸಿರಾಗಿ ನಿಂತಿದ್ದರೂ ಸಂತಾನ ನಿಂತುಹೋಗಬಹುದು.

ಹಣ್ಣು ಮಾಗಿದಾಗ ದಪ್ಪ ಸಿಪ್ಪೆ ಎರಡು ಹೋಳಾಗಿ ಬಿರಿಯುತ್ತದೆ. ಒಳಗೆ ಕಡುಕಂದು ಬೀಜ. ಅದರ ಸುತ್ತ ಬೆರಳು ಬೆರಳಾಗಿ ಸೀಳಿ ಅಪ್ಪಿಕೊಂಡ ಕೆಂಪು ಪತ್ರೆ. ಹಸಿರು ಕತ್ತಲೆಯಲ್ಲಿ ಆ ಕೆಂಪು ಹಕ್ಕಿಗಳ ಕಣ್ಣಿಗೆ ಬೀಳುತ್ತದೆ. ಪತ್ರೆಯಲ್ಲಿ ಕೊಬ್ಬಿನಂಶ ಹೆಚ್ಚು. ಮಂಗಟ್ಟೆ ಹಕ್ಕಿ ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ಹಾನಿಯಿಲ್ಲದೆ ಬೇರೆಡೆ ಉಗುಳುತ್ತದೆ. ಈ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ; ಹಣ್ಣಾದ ಕೆಲವೇ ವಾರಗಳಲ್ಲಿ ತೇವದ ನೆಲ ಸಿಗಬೇಕು. ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇವೆ ಎಂಬ ಮಾತು ಇಲ್ಲಿ ನಡೆಯದು.

ಮಂಗಟ್ಟೆಗೂ ಮರದ ಹಂಗಿದೆ. ಅದು ತಾನಾಗಿ ಪೊಟರೆ ಕೊರೆಯಲಾರದು. ಹಳೆಯ ದೊಡ್ಡ ಮರದಲ್ಲಿ ತಾನಾಗಿ ಆದ ಪೊಟರೆಯನ್ನು ಹುಡುಕಿ ಹೆಣ್ಣು ಒಳಸೇರುತ್ತದೆ. ಹಿಕ್ಕೆ, ಆಹಾರದ ಚೂರುಗಳಿಂದ ಬಾಗಿಲು ಮುಚ್ಚಿಕೊಂಡು ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಬೇಸಿಗೆಯ ಹಲವು ವಾರ ಗಂಡು ತಂದುಕೊಡುವ ಹಣ್ಣೇ ಒಳಗಿನವರ ಜೀವ. ಹಣ್ಣು ಬಿಡುವ ಮರ, ಪೊಟರೆಯಿರುವ ಮರ ಎರಡೂ ಗಂಡುಹಕ್ಕಿಯ ಹಾರಾಟದ ಅಳತೆಯೊಳಗೆ ಇದ್ದರೆ ಮಾತ್ರ ಸಂಸಾರ ಸಾಗುತ್ತದೆ. ಪತ್ರೆಯ ಕಾಯಿಗಳನ್ನು ಮಾಗುವ ಮುನ್ನವೇ ಕೊಯ್ದು ಮಾರುವ ರೂಢಿ ಈ ಗಂಟಿನ ಮೇಲೆಯೇ ಏಟು ಹಾಕುತ್ತದೆ. ಆಗ ಬೀಜ ಹಕ್ಕಿಗೂ ಇಲ್ಲ, ನೆಲಕ್ಕೂ ಇಲ್ಲ.

ನೆಲಕ್ಕೆ ಬಿದ್ದ ಬೀಜದ ಕತೆಯೂ ಅಲ್ಲಿಗೇ ಮುಗಿಯುವುದಿಲ್ಲ. ಕೇರಳದ ಜೌಗುಗಳಲ್ಲಿ ನಡೆದ ಅಧ್ಯಯನ ಬಿದ್ದ ಬೀಜಗಳನ್ನು ಸಿಹಿನೀರಿನ ಏಡಿಗಳು ಎಳೆದೊಯ್ಯುವುದನ್ನು ದಾಖಲಿಸಿದೆ. ಏಡಿಗೆ ಬೇಕಾದದ್ದು ತೇವದ ಬಿಲ. ಆ ತೇವ ಕಾಯುವುದು ಮತ್ತೆ ಮರದ ನೆರಳು.

ಸಿಂಗಳೀಕ ಮತ್ತು ಉಪ್ಪಾಗೆ

ಪಶ್ಚಿಮಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಸಿಂಗಳೀಕಗಳಿಗೆ ಶರಾವತಿ–ಅಘನಾಶಿನಿ ಸೀಮೆ ಉತ್ತರದ ಪ್ರಮುಖ ನೆಲೆ. ಇಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ರೂಪುಗೊಂಡಿತು. ಸಿಂಗಳೀಕ ಬಹುಪಾಲು ಮರದ ಮೇಲೆಯೇ ಬಾಳುವ ಪ್ರಾಣಿ. ಕೊಂಬೆಗೆ ಕೊಂಬೆ ತಾಗಿದ ಮೇಲ್ಛಾವಣಿ ಅದರ ದಾರಿ. ರಸ್ತೆಗೋ ವಿದ್ಯುತ್ ಮಾರ್ಗಕ್ಕೋ ಒಂದು ಪಟ್ಟಿ ಕಾಡು ಕಡಿದರೆ ಒಂದು ಗುಂಪು ಎರಡು ದ್ವೀಪಗಳಾಗಿ ಒಡೆಯುತ್ತದೆ.

ದಕ್ಷಿಣದ ಘಟ್ಟಗಳಲ್ಲಿ ಸಿಂಗಳೀಕಕ್ಕೆ ಕಲ್ಲೇನಿಯಾ ಮರ ದೊಡ್ಡ ಆಧಾರ. ಉತ್ತರ ಕನ್ನಡದಲ್ಲಿ ಆ ಮರವಿಲ್ಲ. ಇಲ್ಲಿನ ಸಿಂಗಳೀಕ ಅತ್ತಿ–ಆಲದ ಬಳಗ, ರಾಮಪತ್ರೆಯ ಬಳಗ, ಉಪ್ಪಾಗೆ ಹೀಗೆ ಹಲವು ಮರಗಳನ್ನು ಆಶ್ರಯಿಸಿದೆ. 1990ರ ದಶಕದಿಂದ ಉಪ್ಪಾಗೆ ಸಿಪ್ಪೆಗೆ ಹೊರದೇಶದ ಮಾರುಕಟ್ಟೆ ಸಿಕ್ಕಿತು; ತೂಕ ಇಳಿಸುವ ಔಷಧಿಗಳಿಗೆ ಅದರ ಸಾರ ಬೇಕಾಯಿತು. ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆಯನ್ನು ಬಿಸಿಲಿಗೆ ಒಣಗಿಸಲಾಗದು; ಒಲೆಯ ಮೇಲೆ ಒಣಗಿಸಲು ಕಟ್ಟಿಗೆ ಬೇಕು. ಹೀಗೆ ಒಂದು ಹಣ್ಣಿನ ಬೇಡಿಕೆ ಕಾಡಿನ ಮೇಲೆ ಎರಡು ಭಾರ ಹೊರಿಸಿತು. ಉಪ್ಪಾಗೆ ಇಲ್ಲಿನ ಬಡ ಕುಟುಂಬಗಳ ಮಳೆಗಾಲದ ಆದಾಯವೂ ಹೌದು. ಕೊಯ್ಲನ್ನು ನಿಷೇಧಿಸುವುದು ಇದಕ್ಕೆ ಪರಿಹಾರವಲ್ಲ. ಮಾಗಿ ಬಿದ್ದುದನ್ನು ಆಯುವುದು, ಕೊಂಬೆ ಕಡಿಯದಿರುವುದು, ಕಡಿಮೆ ಸೌದೆ ಬೇಡುವ ಒಲೆ ಬಳಸುವುದು, ಇಷ್ಟು ಊರಿನ ಒಪ್ಪಂದವಾದರೆ ಸಿಂಗಳೀಕಕ್ಕೂ ಮನೆಗೂ ಪಾಲು ಉಳಿಯುತ್ತದೆ.

ತೋಟ, ಬೆಟ್ಟ, ಕಾನು

ಜಡ್ಡಿಗಳು ಅಳಿದದ್ದಕ್ಕೆ ಮುಖ್ಯ ಕಾರಣ ಅವು ಇದ್ದ ಜಾಗ. ಬೇಸಿಗೆಯಲ್ಲೂ ನೀರಿರುವ ಕಣಿವೆಯ ತಗ್ಗು ಅಡಿಕೆಗೂ ಭತ್ತಕ್ಕೂ ಹೇಳಿ ಮಾಡಿಸಿದ್ದು. ತಗ್ಗು ತೋಟವಾಯಿತು, ಮೇಲಿನ ಇಳಿಜಾರಿನ ಕಾಡು ತೋಟಕ್ಕೆ ಸೊಪ್ಪು ಕೊಡುವ ‘ಬೆಟ್ಟ’ವಾಯಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ತೋಟ ಮತ್ತು ಕಾಡಿನ ಅವಲಂಬನೆಯನ್ನು ಆಡಳಿತವೇ ಒಪ್ಪಿಕೊಂಡದ್ದಕ್ಕೆ ಸಾಕ್ಷಿ.

ಆ ಅರಿವು ಇನ್ನೂ ಹಳೆಯದು. 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡು ಊರದೇವರ ಸ್ವತ್ತೆಂದೂ ಪೂಜಾರಿಯಾದ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಜನ ನಂಬಿದ್ದನ್ನು ದಾಖಲಿಸಿದ. ಅದನ್ನೊಂದು ನೆಪವೆಂದು ತಳ್ಳಿಹಾಕಿದ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕಿನ ಕಾನುಗಳ, ಅಂದರೆ ಊರವರು ಕಾಯ್ದುಕೊಂಡು ಬಂದ ನಿತ್ಯಹರಿದ್ವರ್ಣ ಕಾಡುಗಳ ಬಗ್ಗೆ ವರದಿ ಬರೆದರು. 1888ರಲ್ಲಿ ಅರಣ್ಯ ಸೆಟಲ್‌ಮೆಂಟ್ ಅಧಿಕಾರಿ ವಿಂಗೇಟ್, ಕಾನು ಇದ್ದಲ್ಲಿ ಒರತೆ ಮತ್ತು ಬತ್ತದ ಹಳ್ಳಗಳಿರುತ್ತವೆ, ಹತ್ತಿರದ ಸಾಂಬಾರ ತೋಟಗಳಿಗೆ ಅದರಿಂದ ನೆರಳೂ ತೇವವೂ ಸಿಗುತ್ತವೆ ಎಂದು ಗುರುತಿಸಿದ. ಬುಕಾನನ್ ನೆಪವೆಂದು ಕಂಡದ್ದರ ಹಿಂದಿನ ಜಲವಿಜ್ಞಾನವನ್ನು ಬ್ರಿಟಿಷ್ ಆಡಳಿತದ ಅಧಿಕಾರಿ ಒಪ್ಪಿಕೊಳ್ಳಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಒಪ್ಪಿಕೊಂಡ ಮೇಲೂ ಕಡಿತ ನಿಲ್ಲಲಿಲ್ಲ. ಸಹಜ ಕಾಡು ಕಡಿದು ಸಾಗುವಾನಿ ನೆಡುವುದರ ವಿರುದ್ಧ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಮರ ಅಪ್ಪಿಕೊಂಡರು. ಹೀಗೆ ಶುರುವಾದ ಅಪ್ಪಿಕೋ ಚಳವಳಿಗೆ ಬಂದವರಲ್ಲಿ ತೋಟದ ನೀರು ಬತ್ತುವುದನ್ನು ಕಣ್ಣಾರೆ ಕಂಡ ರೈತರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಹೋದ್ಯೋಗಿಗಳ ಮುಂದಿನ ಅಧ್ಯಯನಗಳು ಅವರ ಅನುಭವವನ್ನು ಸಮರ್ಥಿಸಿವೆ: ಸ್ಥಳೀಯ ಜಾತಿಯ ದಟ್ಟ ಕಾಡಿರುವ ಜಲಾನಯನಗಳಲ್ಲಿ ಹಳ್ಳ ವರ್ಷವಿಡೀ ಹರಿಯುತ್ತದೆ, ಏಕಜಾತಿಯ ನೆಡುತೋಪುಗಳಿರುವಲ್ಲಿ ಮಳೆ ನಿಂತ ಕೆಲವು ತಿಂಗಳಿಗೆ ಬತ್ತುತ್ತದೆ.

ಸಮಾರೋಪ

ಮೇಲಿನ ವಿವರಗಳಿಂದ ಮೂರು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಜಡ್ಡಿಯಲ್ಲಿ ಎಲ್ಲ ಅವಲಂಬನೆಗಳೂ ನೀರಿನಲ್ಲಿ ಸೇರುತ್ತವೆ. ಒಂದು ಪ್ರಭೇದವನ್ನು ಬೇರ್ಪಡಿಸಿ ಉಳಿಸುವ ಯೋಜನೆ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಎರಡನೆಯದು, ಜಡ್ಡಿಯ ರಕ್ಷಣೆ ಅದರ ಅಂಚಿನಲ್ಲಿ ಮುಗಿಯುವುದಿಲ್ಲ; ಮೇಲಿನ ಬೆಟ್ಟದಲ್ಲಿ ಸಹಜ ಕಾಡು ಮರಳಬೇಕು, ಹಳ್ಳದ ಮೂಲಕ್ಕೇ ಪೈಪು ಹಾಕಿ ಬೇಸಿಗೆಯ ಹರಿವನ್ನು ಪೂರ್ತಿ ಎಳೆದುಕೊಳ್ಳುವುದು ನಿಲ್ಲಬೇಕು. ಮೂರನೆಯದು, ತೋಟಗಾರ ಕಾಡಿನ ಹೊರಗಿನವನಲ್ಲ, ಈ ಜಾಲದ ಒಂದು ಗಂಟು. ಅವನನ್ನು ಬಿಟ್ಟು ಮಾಡಿದ ಸಂರಕ್ಷಣೆ ಬಾಳುವುದಿಲ್ಲ.

2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅವಕಾಶ ಕೊಟ್ಟಿದೆ. ವಿಶಿಷ್ಟ ತಾಣಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವ ದಾರಿಯನ್ನೂ ತೆರೆದಿದೆ. ಘಟ್ಟದ ಪಂಚಾಯಿತಿಗಳು ತಮ್ಮ ಸೀಮೆಯ ಪ್ರತಿ ಜಡ್ಡಿಯನ್ನು, ಅದರಿಂದ ಹೊರಡುವ ಹಳ್ಳವನ್ನು, ಆ ಹಳ್ಳದ ನೀರುಣ್ಣುವ ಪ್ರತಿ ತೋಟವನ್ನು ಒಂದೇ ನಕ್ಷೆಯಲ್ಲಿ ದಾಖಲಿಸಬೇಕು. ಶರಾವತಿ ಕಣಿವೆಯ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯಂಥ ಕಾಮಗಾರಿಗಳ ಹಾನಿಯನ್ನು ಕಡಿಯುವ ಮರಗಳ ಲೆಕ್ಕದಿಂದಷ್ಟೇ ಅಳೆಯದೆ, ಅಂಥ ನಕ್ಷೆಯನ್ನು ಮುಂದಿಟ್ಟುಕೊಂಡು ಅಳೆಯಬೇಕು. ಕಡಿದ ಮರಕ್ಕೆ ಬದಲಾಗಿ ಬೇರೆಡೆ ಸಸಿ ನೆಡಬಹುದು; ಬತ್ತಿದ ಜಡ್ಡಿಗೆ ಬದಲಾಗಿ ಇನ್ನೊಂದು ಜಡ್ಡಿಯನ್ನು ನೆಡಲು ಬರುವುದಿಲ್ಲ.