ಬೆಳ್ಳಿಯ ಪಕ್ಷ, ಚಿನ್ನದ ಪಕ್ಷ

ನಾಣ್ಯವು ಹುಟ್ಟುವುದು ಟಂಕಸಾಲೆಯಲ್ಲಿ. ಅದರ ಬಲ ಹುಟ್ಟುವುದು ಶಾಸನಸಭೆಯಲ್ಲಿ. ಇಂಥ ತೂಕದ ಇಂಥ ಲೋಹವೇ ಹಣ, ಸಾಲ ತೀರಬೇಕಾದರೆ ಅದರಿಂದಲೇ ತೀರತಕ್ಕದ್ದು ಎಂದು ವಿಧಿಸುವ ಅಧಿಕಾರ ರಾಜ್ಯದ್ದು. ಆ ರಾಜ್ಯವನ್ನು ನಡೆಸತಕ್ಕವರ ಆಯ್ಕೆಯಲ್ಲಿ ಹಣವುಳ್ಳವರ ಕೈ ಎಷ್ಟು ದೂರ ಚಾಚೀತು, ಹಣವಿಲ್ಲದವರ ಮತ ಎಷ್ಟರಮಟ್ಟಿಗೆ ಅದನ್ನು ತಡೆದೀತು ಎಂಬುದನ್ನು ಅರಿಯಬಯಸುವವನಿಗೆ, ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1873ರಿಂದ ನಾಲ್ಕು ದಶಕಗಳ ಕಾಲ ನಡೆದ ಬೆಳ್ಳಿ-ಚಿನ್ನಗಳ ವ್ಯಾಜ್ಯಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

1792ರ ಶಾಸನದಂತೆ ಆ ದೇಶದಲ್ಲಿ ಎರಡು ಲೋಹಗಳೂ ಹಣವೇ ಆಗಿದ್ದುವು; ಬೆಳ್ಳಿಯನ್ನಾಗಲಿ ಚಿನ್ನವನ್ನಾಗಲಿ ಯಾರು ತಂದೊಪ್ಪಿಸಿದರೂ ಸರ್ಕಾರದ ಟಂಕಸಾಲೆ ಅದನ್ನು ಡಾಲರುಗಳಾಗಿ ಅಚ್ಚೊತ್ತಿ ಕೊಡುತ್ತಿದ್ದಿತು. 1834ರಲ್ಲಿ ಒಂದು ತೂಕ ಚಿನ್ನಕ್ಕೆ ಹದಿನಾರು ತೂಕ ಬೆಳ್ಳಿ ಸಮವೆಂದು ಗೊತ್ತುಪಡಿಸಿದಾಗ, ಪೇಟೆಯಲ್ಲಿ ಬೆಳ್ಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಿನ ಬೆಲೆಯಿದ್ದುದರಿಂದ, ಅದನ್ನು ಟಂಕಸಾಲೆಗೆ ತರುವವರು ಕ್ರಮೇಣ ಇಲ್ಲವಾದರು. 1873ರ ಫೆಬ್ರವರಿಯಲ್ಲಿ ನಾಣ್ಯಗಳ ಪಟ್ಟಿಯನ್ನು ಪರಿಷ್ಕರಿಸಿದ ಕಾನೂನು ಬೆಳ್ಳಿಯ ಡಾಲರನ್ನು ಕೈಬಿಟ್ಟಾಗ ದೇಶಕ್ಕೆ ದೇಶವೇ ಅದನ್ನು ಗಮನಿಸದೆ ಹೋದುದಕ್ಕೆ ಇದೇ ಕಾರಣ. ಆದರೆ ಕೆಲವೇ ವರ್ಷಗಳಲ್ಲಿ, ನೆವಾಡದ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಹರಿದು, ಚಿನ್ನದ ನಾಣ್ಯಕ್ಕೆ ತಿರುಗಿದ ಜರ್ಮನಿ ತನ್ನ ಹಳೆಯ ಬೆಳ್ಳಿಯನ್ನು ಪೇಟೆಗೆ ಸುರಿದು, ಬೆಲೆ ಕುಸಿಯಿತು. ಬೆಳ್ಳಿಯನ್ನು ಹೊತ್ತು ಟಂಕಸಾಲೆಗೆ ಬಂದವರಿಗೆ ಬಾಗಿಲು ಮುಚ್ಚಿದ್ದುದು ಆಗ ಕಂಡಿತು. ಇದನ್ನು ಜನ ‘1873ರ ಅಪರಾಧ’ ಎಂದು ಕರೆದರು.

ಅಪರಾಧವೋ ಅಲ್ಲವೋ, ಅದರ ಪರಿಣಾಮವನ್ನು ಅನುಭವಿಸಿದವನು ಕಾನ್ಸಾಸ್, ನೆಬ್ರಾಸ್ಕ ಮೊದಲಾದ ಪ್ರಾಂತಗಳ ರೈತ. ಹೊಲವನ್ನು ಅಡವಿಟ್ಟು ದೇಶದ ಪೂರ್ವಭಾಗದ ಸಾಹುಕಾರರಿಂದ ಸಾಲ ತಂದಿದ್ದವನು ಅವನು. 1870ರ ಸುಮಾರಿನಲ್ಲಿ ಬುಶೆಲಿಗೆ ಒಂದು ಡಾಲರನ್ನು ಮುಟ್ಟಿದ್ದ ಗೋಧಿ 1894ರ ಹೊತ್ತಿಗೆ ಅರ್ಧ ಡಾಲರಿಗೆ ಇಳಿದಿದ್ದಿತು. ಸಾಲದ ಅಸಲು ಮಾತ್ರ ಒಂದು ಕಾಸೂ ಇಳಿದಿರಲಿಲ್ಲ. ಚಿಕ್ಕ ಕೊಳಗದಲ್ಲಿ ಅಳೆದು ಕೊಟ್ಟುದನ್ನು ದೊಡ್ಡ ಕೊಳಗದಲ್ಲಿ ಅಳೆದು ತೆಗೆದುಕೊಂಡಂತೆ ಆಯಿತು ಅವನ ಪಾಡು. ಮತ್ತು ಕೊಳಗವನ್ನು ಬದಲಾಯಿಸಿದ್ದು ಕಾನೂನು.

ಈ ಋಣಿಗಳಿಗೆ ಬೆಂಬಲವಾಗಿ ನಿಂತ ಗಣಿಯ ಒಡೆಯರು ಬಡವರಾಗಿರಲಿಲ್ಲವೆಂಬುದನ್ನು ಮರೆಯಲಾಗದು. 1889-90ರಲ್ಲಿ ಪಶ್ಚಿಮದ ಆರು ಹೊಸ ಸಂಸ್ಥಾನಗಳು ಒಕ್ಕೂಟವನ್ನು ಸೇರಿದುವು. ಜನಸಂಖ್ಯೆ ಎಷ್ಟೇ ವಿರಳವಾಗಿರಲಿ, ಸೆನೆಟ್ಟಿನಲ್ಲಿ ಪ್ರತಿಯೊಂದಕ್ಕೂ ಇಬ್ಬರು ಸದಸ್ಯರು. ಪೂರ್ವದ ಕೈಗಾರಿಕೋದ್ಯಮಿಗಳು ಬಯಸಿದ ಭಾರಿ ಆಮದುಸುಂಕಕ್ಕೆ ಪಶ್ಚಿಮದವರು ಮತ ನೀಡುವುದು, ಸರ್ಕಾರ ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿಯನ್ನು ಕೊಳ್ಳುವ ಶಾಸನಕ್ಕೆ ಪೂರ್ವದವರು ಮತ ನೀಡುವುದು: ಹೀಗೆ 1890ರಲ್ಲಿ ಕೊಡುಕೊಳ್ಳುವಿಕೆ ಕುದುರಿತು. ಆ ಸುಂಕದ ಕಾಯಿದೆಗೆ ಹೆಸರು ಕೊಟ್ಟವನು ವಿಲಿಯಂ ಮೆಕಿನ್ಲಿ. ಮುಂದೆ ಬೆಳ್ಳಿಯ ಪಕ್ಷಕ್ಕೆ ಪ್ರಬಲ ಎದುರಾಳಿಯಾದವನೂ ಅವನೇ.

ಈ ಏರ್ಪಾಡು ಮುರಿದುಬೀಳುವುದರಲ್ಲಿ ನಮ್ಮ ದೇಶದ ಪಾತ್ರವೂ ಉಂಟು. ಇಲ್ಲಿನ ರೂಪಾಯಿ ಬೆಳ್ಳಿಯದು. ಲಂಡನ್ನಿಗೆ ಸಲ್ಲಬೇಕಾದ ಹಣವಾದರೋ ಪೌಂಡುಗಳಲ್ಲಿ. ಎರಡು ಷಿಲಿಂಗಿನ ಸುಮಾರಿನಲ್ಲಿದ್ದ ರೂಪಾಯಿ ಇಳಿಯುತ್ತ ಇಳಿಯುತ್ತ ಒಂದೂಕಾಲು ಷಿಲಿಂಗಿನ ಹತ್ತಿರಕ್ಕೆ ಬಂದಾಗ, 1893ರ ಜೂನ್ 26ರಂದು ಬ್ರಿಟಿಷ್ ಸರ್ಕಾರ ಕಲ್ಕತ್ತ, ಬೊಂಬಾಯಿಗಳ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿಬಿಟ್ಟಿತು. ಉಡಿದಾರ, ಕಡಗ, ಕಾಲುಬಳೆಗಳೇ ಆಪತ್ಕಾಲದ ಗಂಟಾಗಿದ್ದ ನಮ್ಮ ರೈತನ ಬೆಳ್ಳಿ ಅಂದಿನಿಂದ ರೂಪಾಯಿಯ ಸಮತೂಕವನ್ನು ಕಳೆದುಕೊಂಡಿತು. ಅಮೆರಿಕದಲ್ಲಿ ಆ ವೇಳೆಗೆ ಆರ್ಥಿಕ ವಿಪ್ಲವ ತಲೆದೋರಿ ಬ್ಯಾಂಕುಗಳು ಉರುಳತೊಡಗಿದ್ದುವು. ಭಾರತದ ಸುದ್ದಿ ಬೆಳ್ಳಿಯ ಬೆಲೆಯನ್ನು ಇನ್ನಷ್ಟು ಕೆಡವಿತು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡನು ಕಾಂಗ್ರೆಸ್ಸಿನ ವಿಶೇಷಾಧಿವೇಶನವನ್ನು ಕರೆದು, ನವೆಂಬರ್ ಮೊದಲ ದಿನ ಬೆಳ್ಳಿ ಖರೀದಿಯ ಶಾಸನವನ್ನು ರದ್ದುಪಡಿಸಿದನು.

ಆದರೂ ಸರ್ಕಾರದ ನೋಟುಗಳನ್ನು ಕೊಟ್ಟು ಚಿನ್ನವನ್ನು ಒಯ್ಯುವವರಿಂದ ಬೊಕ್ಕಸದ ಚಿನ್ನ ಸೋರುವುದು ನಿಲ್ಲಲಿಲ್ಲ. 1895ರ ಫೆಬ್ರವರಿ 8ರಂದು ಶ್ವೇತಭವನದ ಒಂದು ಕೊಠಡಿಯಲ್ಲಿ ಅಧ್ಯಕ್ಷನು ಮಂತ್ರಿಗಳೊಡನೆ ಸಮಾಲೋಚಿಸುತ್ತಿರಲು, ಸಾಹುಕಾರ ಜೆ. ಪಿ. ಮಾರ್ಗನನು ಹೊತ್ತಿಸದ ಸಿಗಾರೊಂದನ್ನು ಹಿಡಿದು ಮೌನವಾಗಿ ಕುಳಿತಿದ್ದನು. ನ್ಯೂಯಾರ್ಕಿನ ಉಪಖಜಾನೆಯಲ್ಲಿ ಉಳಿದಿರುವ ಚಿನ್ನದ ನಾಣ್ಯ 90 ಲಕ್ಷ ಡಾಲರು ಮಾತ್ರವೆಂದು ದೂರವಾಣಿಯಲ್ಲಿ ಸುದ್ದಿ ಬಂದಾಗ, ಅದನ್ನು ಮೀರಿದ ಮೊತ್ತದ ಹುಂಡಿಯೊಂದು ಹೊರಗಿರುವುದು ತನಗೆ ಗೊತ್ತು, ಅದು ಬಂದರೆ ಇಂದೇ ಎಲ್ಲವೂ ಮುಗಿಯಿತು ಎಂದು ಅವನು ತಿಳಿಸಿದನಂತೆ. ಮಾತುಕತೆ ಮುಗಿದು ಏಳುವಾಗ ಅವನ ಕೈಯ ಸಿಗಾರು ಪುಡಿಪುಡಿಯಾಗಿ ತೊಡೆಯ ಮೇಲೆ ಉದುರಿದ್ದಿತಂತೆ. ಅಂತರ್ಯುದ್ಧದ ಕಾಲದ ಹಳೆಯ ಶಾಸನವೊಂದರ ಆಧಾರದಿಂದ, ಮಾರ್ಗನನೂ ರಾತ್‌ಶೀಲ್ಡರ ಪ್ರತಿನಿಧಿಯಾದ ಬೆಲ್‌ಮಾಂಟನೂ ಸೇರಿ 35 ಲಕ್ಷ ಔನ್ಸ್ ಚಿನ್ನವನ್ನು ಒದಗಿಸಲು ಒಪ್ಪಿದರು. ನೂರು ಡಾಲರಿನ ಸಾಲಪತ್ರವನ್ನು ಅವರ ಕೂಟ ಕೊಂಡುದು ಸುಮಾರು ನೂರನಾಲ್ಕೂವರೆಗೆ, ಮಾರಿದುದು ನೂರಹನ್ನೆರಡೂಕಾಲಿಗೆ. ರಾಜ್ಯದ ಮಾನ ಉಳಿಯಿತು. ಆದರೆ ಆ ಮಾನವನ್ನು ಉಳಿಸಿಕೊಡುವ ಶಕ್ತಿ ಖಾಸಗಿ ಕೈಗಳಲ್ಲಿದೆಯೆಂಬುದೂ ಬಯಲಾಯಿತು.

ಮರುವರ್ಷದ ಅಧ್ಯಕ್ಷ ಚುನಾವಣೆ ಇದು ಕೆರಳಿಸಿದ ಜನರ ರೋಷದ ಫಲ. ಜುಲೈ 9ರಂದು ಷಿಕಾಗೋದ ಡೆಮಾಕ್ರಟಿಕ್ ಸಮ್ಮೇಳನದಲ್ಲಿ ಮೂವತ್ತಾರು ವರ್ಷದ ವಿಲಿಯಂ ಜೆನ್ನಿಂಗ್ಸ್ ಬ್ರಯನನು ಬೆಳ್ಳಿಯ ಪರವಾಗಿ, ‘ಚಿನ್ನದ ಶಿಲುಬೆ’ ಎಂದು ಪ್ರಸಿದ್ಧವಾದ ಭಾಷಣವನ್ನು ಮಾಡಿ ಮರುದಿನವೇ ಅಭ್ಯರ್ಥಿಯಾದನು. ರೈಲಿನಲ್ಲಿ ಸುಮಾರು 18,000 ಮೈಲಿ ಸುತ್ತಿ ನೂರಾರು ಸಭೆಗಳಲ್ಲಿ ಮಾತನಾಡಿದನು. ಎದುರಾಳಿ ರಿಪಬ್ಲಿಕನ್ ಅಭ್ಯರ್ಥಿ ಮೆಕಿನ್ಲಿಯಾದರೋ ಓಹಾಯೋದ ಕ್ಯಾಂಟನ್ನಿನ ತನ್ನ ಮನೆಯ ಜಗಲಿಯನ್ನು ಬಿಟ್ಟು ಕದಲಲಿಲ್ಲ; ರೈಲ್ವೆ ಕಂಪನಿಗಳ ಅಗ್ಗದ ಟಿಕೇಟಿನಲ್ಲಿ ಏಳು ಲಕ್ಷಕ್ಕೂ ಮಿಕ್ಕ ಜನ ಅವನಿದ್ದಲ್ಲಿಗೇ ಬಂದು, ಹೋಗುವಾಗ ಅಂಗಳದ ಬೇಲಿಯ ಪಟ್ಟಿಗಳನ್ನು ನೆನಪಿಗೆಂದು ಕಿತ್ತುಕೊಂಡು ಹೋದರು. ಅವನ ಸಾರಥಿ ಮಾರ್ಕ್ ಹ್ಯಾನ, ಬ್ಯಾಂಕುಗಳಿಗೆ ಅವುಗಳ ಬಂಡವಾಳದ ಮೇಲೆ ನೂರಕ್ಕೆ ಕಾಲರಂತೆ ವಂತಿಗೆಯನ್ನು ಗೊತ್ತುಮಾಡಿದನು. ಸ್ಟಾಂಡರ್ಡ್ ಆಯಿಲ್ ಕಂಪನಿಯೊಂದೇ ಎರಡೂವರೆ ಲಕ್ಷ ಡಾಲರು ಕೊಟ್ಟಿತು. ಒಟ್ಟು ಕೂಡಿದ್ದು 35 ಲಕ್ಷ. ಬ್ರಯನನ ನಿಧಿ ಅದರ ಐದರಲ್ಲೊಂದು ಪಾಲನ್ನೂ ಮುಟ್ಟಲಿಲ್ಲ. ಮತದಾರ ಮಂಡಲದಲ್ಲಿ 271ಕ್ಕೆ 176ರಂತೆ ಮೆಕಿನ್ಲಿ ಗೆದ್ದನು. 1900ರಲ್ಲಿ ಚಿನ್ನವೇ ಏಕಮಾತ್ರ ಪ್ರಮಾಣವೆಂದು ಶಾಸನವಾಯಿತು. ಆದರೆ ಹಣವೊಂದೇ ಗೆಲ್ಲಿಸಿತೆನ್ನುವುದು ಸಲ್ಲದು. ಬೆಳ್ಳಿಯೂ ಹಣವಾಗಿ ಬೆಲೆ ಏರಿದರೆ ತನ್ನ ಕೂಲಿಯ ಕೊಳ್ಳುವ ಶಕ್ತಿ ಕುಗ್ಗೀತೆಂಬ ಭಯ ಕಾರ್ಖಾನೆಯ ಕೆಲಸಗಾರನಲ್ಲಿಯೂ ಇದ್ದಿತು, ಆ ಭಯವನ್ನು ಬ್ರಯನನ ವಾಗ್ಮಿತೆ ಕರಗಿಸಲಾರದೆ ಹೋಯಿತು.

ಮುಂದೆ ದಕ್ಷಿಣಾಫ್ರಿಕ, ಕ್ಲಾಂಡೈಕುಗಳಿಂದ ಹೊಸ ಚಿನ್ನ ಹೇರಳವಾಗಿ ಬಂದು, ಅಲ್ಪಾಂಶವಾಗಿ ನಮ್ಮ ಕೋಲಾರದ ಚಿನ್ನವೂ ಆ ಪ್ರವಾಹವನ್ನು ಕೂಡಿ, ಬೆಲೆಗಳು ತಾವಾಗಿಯೇ ಏರತೊಡಗಿದುವು; ಬೆಳ್ಳಿಯ ಕೂಗು ಅಡಗಿತು. ಆದರೆ 1896ರ ವಂತಿಗೆಯ ಪದ್ಧತಿ ಬೆಳೆದು, ವಿಮಾ ಕಂಪನಿಗಳು ಪಾಲಿಸಿದಾರರ ಹಣವನ್ನೇ ಚುನಾವಣೆಗೆ ಕೊಟ್ಟ ಸಂಗತಿ 1905ರಲ್ಲಿ ನ್ಯೂಯಾರ್ಕಿನ ವಿಚಾರಣೆಯಿಂದ ಹೊರಬಿದ್ದಾಗ, ಕಾಂಗ್ರೆಸ್ಸು 1907ರಲ್ಲಿ ಕೇಂದ್ರ ಚುನಾವಣೆಗಳಿಗೆ ಕಂಪನಿಗಳು ಹಣ ಕೊಡುವುದನ್ನು ನಿಷೇಧಿಸಿತು. ಸೋತವರು ಕೇಳಿದ್ದ ಆದಾಯ ತೆರಿಗೆ, ಸೆನೆಟರರ ನೇರ ಚುನಾವಣೆ ಇವೆರಡೂ 1913ರಲ್ಲಿ ರಾಜ್ಯಾಂಗವನ್ನು ಸೇರಿದುವು.

ಅದೇ ವರ್ಷ ಡಿಸೆಂಬರಿನಲ್ಲಿ ದೇಶದ ಕೇಂದ್ರ ಬ್ಯಾಂಕ್ ವ್ಯವಸ್ಥೆಯನ್ನು ಸ್ಥಾಪಿಸುವ ಫೆಡರಲ್ ರಿಸರ್ವ್ ಶಾಸನವಾದಾಗ ಬ್ರಯನನು ಅಧ್ಯಕ್ಷ ವಿಲ್ಸನ್ನನ ವಿದೇಶಾಂಗ ಮಂತ್ರಿಯಾಗಿದ್ದನು. ನೋಟುಗಳು ಸರ್ಕಾರದ ಹೊಣೆಯಾಗಿರಬೇಕು, ಮೇಲಣ ಮಂಡಲಿಯನ್ನು ಅಧ್ಯಕ್ಷನೇ ನೇಮಿಸಬೇಕು ಎಂಬ ಅವನ ಹಟ ಸಂದಿತು. ಹನ್ನೆರಡು ಪ್ರಾಂತೀಯ ಬ್ಯಾಂಕುಗಳಲ್ಲಿ ಪ್ರತಿಯೊಂದರ ಒಂಬತ್ತು ನಿರ್ದೇಶಕರ ಪೈಕಿ ಆರು ಮಂದಿಯನ್ನು ಸದಸ್ಯ ಬ್ಯಾಂಕುಗಳೇ ಚುನಾಯಿಸುವ ಏರ್ಪಾಡು ಸಾಹುಕಾರರ ಪಾಲಿಗೆ ಬಂದಿತು. ಹೀಗೆ ಹಣದ ಬಲವನ್ನು ಅಳಿಸಲು ಮತದ ಬಲಕ್ಕಾಗಲಿ, ಮತದ ಬಲವನ್ನು ಕೊಂಡುಬಿಡಲು ಹಣದ ಬಲಕ್ಕಾಗಲಿ ಪೂರ್ಣವಾಗಿ ಸಾಧ್ಯವಾಗಲಿಲ್ಲ. ಎರಡೂ ಒಂದೇ ಸಂಸ್ಥೆಯೊಳಗೆ ಆಸನವನ್ನು ಪಡೆದುವು, ಮತ್ತು ಅಮೆರಿಕದಲ್ಲಿ ಬಡ್ಡಿಯ ದರ ಏರಿದಾಗಲೂ ಇಳಿದಾಗಲೂ ಇದು ಯಾರ ಹಿತಕ್ಕೆ ಎಂಬ ಪ್ರಶ್ನೆ ಏಳುವುದು ಆ ರಾಜಿಯು ಅದನ್ನು ಅಂದು ಬಗೆಹರಿಸದೆ ಬಿಟ್ಟುದರಿಂದ.