ಸೆರೆಂಗೆಟಿಯ ಬಯಲೂ ದೊಡ್ಡರೋಗವೂ

ಆಫ್ರಿಕಾ ಖಂಡದ ಪ್ರಸ್ತಾಪ ಬಂದೊಡನೆ ನಮ್ಮ ಶಾಲಾಬಾಲಕರ ಕಣ್ಣ ಮುಂದೆ ಒಂದು ಚಿತ್ರ ಮೂಡುತ್ತದೆ. ದಿಗಂತದವರೆಗೆ ಹಬ್ಬಿದ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಕೊಡೆಯಂತೆ ಹರಡಿ ನಿಂತ ಜಾಲಿಯ ಮರ, ಅದರ ನೆರಳಿನಲ್ಲಿ ಮಲಗಿದ ಸಿಂಹ, ದೂರದಲ್ಲಿ ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಮೇಯುವ ಮೃಗಗಳು. ಈ ಚಿತ್ರದಲ್ಲಿ ಮನುಷ್ಯನಿಲ್ಲ. ಸೃಷ್ಟಿಯ ಮೊದಲ ದಿನದಿಂದಲೂ ಆ ಬಯಲು ಹೀಗೆಯೇ ಇತ್ತೆಂದು ನಾವು ಭಾವಿಸುತ್ತೇವೆ. ಭೂಗೋಳದ ಪಾಠವನ್ನೂ ಹಾಗೆಯೇ ಹೇಳಿಕೊಡುತ್ತೇವೆ. ಇತಿಹಾಸವೆಂಬುದು ಅರಸರಿಗೂ ಯುದ್ಧಗಳಿಗೂ ಸೇರಿದ್ದು, ಮೃಗಗಳಿಗೆ ಸ್ವಭಾವವುಂಟೇ ಹೊರತು ಇತಿಹಾಸವಿಲ್ಲ ಎಂಬುದು ನಮ್ಮಲ್ಲಿ ರೂಢಿಯಾದ ನಂಬಿಕೆ. ಪೂರ್ವ ಆಫ್ರಿಕಾದ ಸೆರೆಂಗೆಟಿ ಬಯಲಿನ ವೃತ್ತಾಂತವನ್ನು ಓದಿದ ಮೇಲೆ ಈ ನಂಬಿಕೆಯನ್ನು ನಾವು ಕೈಬಿಡಬೇಕಾಯಿತು.

ಸೆರೆಂಗೆಟಿ ಇಂದಿನ ಟಾಂಜಾನಿಯಾ ದೇಶದ ಉತ್ತರಭಾಗದಲ್ಲಿದೆ. ಉತ್ತರದಲ್ಲಿ ಅದು ಕೆನ್ಯಾ ದೇಶದ ಮಾರಾ ಪ್ರದೇಶಕ್ಕೆ ಹೊಂದಿಕೊಂಡಿದೆ. ದನಗಾಹಿಗಳಾದ ಮಸಾಯಿ ಜನರ ಭಾಷೆಯಲ್ಲಿ ಆ ಹೆಸರಿಗೆ ಕೊನೆಯಿಲ್ಲದ ಬಯಲು ಎಂಬ ಅರ್ಥವನ್ನು ಹೇಳುತ್ತಾರೆ. ಅಲ್ಲಿಯ ಮುಖ್ಯ ಪ್ರಜೆ ಸಿಂಹವಲ್ಲ, ವಿಲ್ಡೆಬೀಸ್ಟ್ ಎಂಬ ಮೃಗ. ಕೋಡು ನೋಡಿದರೆ ಎಮ್ಮೆ, ಬಾಲ ನೋಡಿದರೆ ಕುದುರೆ, ಗಡ್ಡ ನೋಡಿದರೆ ಹೋತ. ಆದರೆ ಜಾತಿಯಿಂದ ಅದು ಚಿಗರೆಗಳ ಬಳಗಕ್ಕೆ ಸೇರಿದ್ದು. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಡಚ್ಚರು ಇದನ್ನು ಕಂಡು ಕಾಡುಪಶುವೆಂಬ ಅರ್ಥದ ಈ ಹೆಸರನ್ನಿಟ್ಟರು.

ಇದರ ಜೀವನವೆಲ್ಲ ಮಳೆಯ ಬೆನ್ನುಹತ್ತಿದ ಪಯಣ. ಬಯಲಿನ ಆಗ್ನೇಯ ಭಾಗದ ನೆಲ ಜ್ವಾಲಾಮುಖಿಗಳ ಬೂದಿಯಿಂದಾದದ್ದು. ಅಲ್ಲಿ ಹುಲ್ಲು ಗಿಡ್ಡವಾಗಿ ಬೆಳೆದರೂ ಹಾಲೂಡುವ ತಾಯಿಗೆ ಬೇಕಾದ ಲವಣಗಳಿಂದ ತುಂಬಿರುತ್ತದೆ. ಮಳೆಗಾಲದಲ್ಲಿ ಹಿಂಡುಗಳು ಅಲ್ಲಿಗೆ ಬಂದು ಸೇರುತ್ತವೆ. ನೀರು ಬತ್ತಿದೊಡನೆ ಪಶ್ಚಿಮಕ್ಕೂ ಅನಂತರ ಉತ್ತರಕ್ಕೂ ಸಾಗಿ, ಬೇಸಗೆಯ ತಿಂಗಳುಗಳನ್ನು ಮಾರಾ ನದಿಯ ಎರಡು ದಡಗಳಲ್ಲಿ ಕಳೆದು, ಮತ್ತೆ ಮಳೆಯ ಮೋಡ ಕಂಡಾಗ ದಕ್ಷಿಣಕ್ಕೆ ತಿರುಗುತ್ತವೆ. ನದಿಯನ್ನು ದಾಟುವಾಗ ವರ್ಷಕ್ಕೆ ಸರಾಸರಿ 6,000ಕ್ಕೂ ಮಿಕ್ಕಿ ಪ್ರಾಣಿಗಳು ಮುಳುಗಿ ಸಾಯುತ್ತವೆಂದು ಎಣಿಸಿದ್ದಾರೆ. ಅವುಗಳ ಎಲುಬುಗಳು ವರ್ಷಗಟ್ಟಲೆ ನೀರಿನಲ್ಲಿದ್ದು ಕರಗಿ ಮೀನುಗಳಿಗೂ ಪಾಚಿಗೂ ಆಹಾರ ಒದಗಿಸುತ್ತವೆ.

ಕರುಹಾಕುವ ಕ್ರಮವಂತೂ ಇನ್ನೂ ಆಶ್ಚರ್ಯಕರ. ಲಕ್ಷಾಂತರ ತಾಯಂದಿರು ಫೆಬ್ರವರಿಯ ಆಸುಪಾಸಿನಲ್ಲಿ, ಬಹುತೇಕ ಮೂರೇ ವಾರಗಳ ಅವಧಿಯಲ್ಲಿ, ಬಟ್ಟಬಯಲಿನಲ್ಲಿ ಹಗಲುಹೊತ್ತಿನಲ್ಲೇ ಈಯುತ್ತವೆ. ಹುಟ್ಟಿದ ಕರು ಸುಮಾರು ಏಳು ನಿಮಿಷಗಳೊಳಗೆ ಎದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲೇ ತಾಯಿಯ ಪಕ್ಕದಲ್ಲಿ ಓಡುತ್ತದೆ. ಅದೇ ಬಯಲಿನ ಥಾಮ್ಸನ್ ಚಿಗರೆ ತನ್ನ ಮರಿಯನ್ನು ಹುಲ್ಲಿನಲ್ಲಿ ಬಚ್ಚಿಡುತ್ತದೆ. ವಿಲ್ಡೆಬೀಸ್ಟ್ ಬಚ್ಚಿಡುವುದಿಲ್ಲ, ಗುಂಪನ್ನೇ ಮರೆಯಾಗಿ ಮಾಡಿಕೊಳ್ಳುತ್ತದೆ. ಸಿಂಹಗಳೂ ಕತ್ತೆಕಿರುಬಗಳೂ ಎಷ್ಟು ತಿಂದರೂ ಮೂರು ವಾರಗಳಲ್ಲಿ ತಿಂದು ತೀರಿಸಲಾರವು. ಕಾಲ ತಪ್ಪಿ ಹುಟ್ಟಿದ ಕರು ಮಾತ್ರ ಬದುಕಿ ಉಳಿಯುವುದು ಅಪರೂಪ. ಕತ್ತೆಕಿರುಬದ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುವೆವು. ಸಿಂಹ ಬೇಟೆಗಾರ, ಕತ್ತೆಕಿರುಬ ಎಂಜಲು ತಿನ್ನುವ ಹೇಡಿ ಎಂದು ನಾವೆಲ್ಲ ಓದಿದ್ದೇವೆ. ಹಾನ್ಸ್ ಕ್ರುಕ್ ಎಂಬ ವಿಜ್ಞಾನಿ ರಾತ್ರಿಗಳನ್ನು ಅವುಗಳ ನಡುವೆ ಕಳೆದು 1972ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಚುಕ್ಕೆ ಕತ್ತೆಕಿರುಬ ತಾನೇ ಸಮರ್ಥ ಬೇಟೆಗಾರನೆಂದೂ, ಎಷ್ಟೋ ವೇಳೆ ಅದು ಕೊಂದುದನ್ನು ಸಿಂಹವೇ ಕಸಿದು ತಿನ್ನುವುದೆಂದೂ ಸಿದ್ಧವಾಯಿತು. ವನರಾಜನ ಕೀರ್ತಿಗೆ ಇದು ಅಷ್ಟೇನೂ ಶೋಭೆ ತರುವ ಸಂಗತಿಯಲ್ಲ.

ಮೇಲೆ ಹೇಳಿದ್ದೆಲ್ಲ ಸ್ವಭಾವ. ಇನ್ನು ಇತಿಹಾಸಕ್ಕೆ ಬರೋಣ.

ದೊಡ್ಡರೋಗವೆಂಬ ಹೆಸರು ನಮ್ಮ ಹಳ್ಳಿಗಳ ಹಿರಿಯರಿಗೆ ಹೊಸತಲ್ಲ. ದನಗಳಿಗೆ ಜ್ವರ ಬಂದು, ಕಣ್ಣು ಮೂಗುಗಳಲ್ಲಿ ನೀರು ಸುರಿದು, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ವಾರದೊಳಗೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿದ್ದ ಆ ಮಾರಿಯನ್ನು ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುತ್ತಾರೆ. ಗೊರಸು ಸೀಳಿದ ಪ್ರಾಣಿಗಳಿಗೆ ತಗಲುವ ವೈರಸ್ ರೋಗವಿದು. ಏಷ್ಯಾದಲ್ಲಿಯೂ ಯೂರೋಪಿನಲ್ಲಿಯೂ ಅದು ಬಹು ಪುರಾತನ. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಮಾತ್ರ ನೆಲೆಯೂರಿರಲಿಲ್ಲ. 1887ರ ಸುಮಾರಿಗೆ ಕೆಂಪು ಸಮುದ್ರದ ಕರೆಯಲ್ಲಿದ್ದ ಮಸ್ಸಾವಾ ರೇವಿಗೆ ಇಟಲಿಯ ಸೈನ್ಯದ ಉಪಯೋಗಕ್ಕಾಗಿ ದನಗಳನ್ನು ಹಡಗಿನಲ್ಲಿ ತಂದಿಳಿಸಿದರು. ರೋಗ ಅವುಗಳೊಡನೆ ಇಳಿಯಿತೆಂಬುದು ಇತಿಹಾಸಕಾರರಲ್ಲಿ ಪ್ರಚಲಿತವಾದ ಅಭಿಪ್ರಾಯ. ಆ ದನಗಳು ನಮ್ಮ ಭಾರತದಿಂದ ಹೋದುವೆಂದೇ ಅನೇಕರು ಹೇಳುತ್ತಾರೆ.

ಮುಂದಿನ ಹತ್ತು ವರ್ಷಗಳಲ್ಲಿ ಆದುದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಇಥಿಯೋಪಿಯಾದಲ್ಲಿ 100ಕ್ಕೆ 90ರಷ್ಟು ದನಗಳು ಸತ್ತುವು; ಉಳಲು ಎತ್ತಿಲ್ಲದೆ 1888ರಿಂದ 1892ರವರೆಗೆ ಭೀಕರ ಕ್ಷಾಮ ತಲೆದೋರಿತು. ರೋಗ ದಕ್ಷಿಣಕ್ಕೆ ಇಳಿದು, 1890-91ರ ವೇಳೆಗೆ ಮಸಾಯಿ ನಾಡನ್ನು ಮುಟ್ಟಿ, 1896ರಲ್ಲಿ ಜಾಂಬೆಸಿ ನದಿಯನ್ನು ದಾಟಿ, 1897ರ ಹೊತ್ತಿಗೆ ಖಂಡದ ತುದಿಯ ಕೇಪ್ ಪ್ರಾಂತದಲ್ಲಿ ಹರಡಿತ್ತು. ಸತ್ತದ್ದು ದನಗಳು ಮಾತ್ರವಲ್ಲ. ಕಾಡೆಮ್ಮೆ, ವಿಲ್ಡೆಬೀಸ್ಟ್, ಜಿರಾಫೆ, ಕಾಡುಹಂದಿ, ಎಲ್ಲಕ್ಕೂ ಅದು ತಗಲಿತು. 1890ರಲ್ಲಿ ಕರಾವಳಿಯಿಂದ ಉಗಾಂಡಾಕ್ಕೆ ನಡೆದುಹೋದ ಲುಗಾರ್ಡ್ ಎಂಬ ಆಂಗ್ಲ ಅಧಿಕಾರಿ ದಾರಿಯುದ್ದಕ್ಕೂ ಕಾಡೆಮ್ಮೆಗಳ ಹೆಣಗಳನ್ನು ಕಂಡು ಬರೆದಿಟ್ಟಿದ್ದಾನೆ.

ಹಾಲು ರಕ್ತಗಳನ್ನೇ ಆಹಾರವಾಗಿ ಉಳ್ಳ ಮಸಾಯಿಗಳಿಗೆ ದನ ಹೋದ ಮೇಲೆ ಉಳಿದದ್ದೇನು? ಹಿಂದೆಯೇ ಸಿಡುಬು ಬಂದಿತು. ಆ ವರ್ಷಗಳನ್ನು ಅವರು ಇಂದಿಗೂ ಎಮುತಾಯಿ ಎನ್ನುತ್ತಾರೆ. ಸರ್ವನಾಶವೆಂದು ಅದರ ಅರ್ಥ. 1892ರಲ್ಲಿ ಸೆರೆಂಗೆಟಿಗೂ ಗೊರೊಂಗೊರೊ ಕುಂಡಕ್ಕೂ ಬಂದ ಮೊದಲ ಯೂರೋಪಿಯನ್ನನಾದ ಆಸ್ಟ್ರಿಯಾದ ಆಸ್ಕರ್ ಬೌಮನ್ ತನ್ನ ಬಿಡಾರದ ಸುತ್ತ ನೆರೆದ ಎಲುಬಿನ ಗೂಡುಗಳಂತಿದ್ದ ಹೆಂಗಸರು ಮಕ್ಕಳನ್ನು ವರ್ಣಿಸಿದ್ದಾನೆ. ಎಂದರೆ ಆ ಬಯಲನ್ನು ಹೊರಜಗತ್ತು ಮೊದಲು ಕಂಡದ್ದೇ ಅದರ ಮಹಾಮಾರಿಯ ಮರುವರ್ಷದಲ್ಲಿ. ವಾಚಕರು ಈ ಕಾಲಸಂಗತಿಯನ್ನು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ; ಮುಂದಿನ ತಪ್ಪೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ದನವಿಲ್ಲದ, ಜನ ಕಡಮೆಯಾದ ನೆಲದಲ್ಲಿ ಮೇಯುವವರೂ ಇಲ್ಲ, ಪೊದೆಗೆ ಬೆಂಕಿಯಿಟ್ಟು ಬಯಲು ಮಾಡುವವರೂ ಇಲ್ಲ. ಅನೇಕ ಕಡೆ ಮುಳ್ಳುಪೊದೆ ಬೆಳೆಯಿತು. ಪೊದೆಯಲ್ಲಿ ಟ್ಸೆಟ್ಸೆ ನೊಣ ಸೇರಿತು. ಅದು ಮನುಷ್ಯರಿಗೆ ನಿದ್ರಾರೋಗವನ್ನೂ ದನಗಳಿಗೆ ನಗಾನಾ ಎಂಬ ಬೇನೆಯನ್ನೂ ತರುವ ನೊಣ. ಹೀಗಾಗಿ ಬಿಟ್ಟುಹೋದ ಜನ ಎಷ್ಟೋ ಸ್ಥಳಗಳಿಗೆ ಮರಳಲಾರದೆ ಹೋದರು. ಹಿಂದಿನಿಂದ ಬಂದ ವಸಾಹತು ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ನಿರ್ಜನವಾದ ಮೃಗಭೂಮಿ. ಅನಾದಿಯಿಂದ ಹೀಗೆಯೇ ಎಂದು ಅವರು ಬಗೆದರು. 1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವಾಯಿತು; 1959ರಲ್ಲಿ ಅಲ್ಲಿ ಉಳಿದಿದ್ದ ಮಸಾಯಿಗಳನ್ನು ಗೊರೊಂಗೊರೊ ಕಡೆಗೆ ಸಾಗಿಸಲಾಯಿತು. ಮೃಗಗಳಿಗೆ ರಕ್ಷಣೆ ಬೇಕಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದನದೊಡನೆ ಮೃಗವೂ ಮೃಗದೊಡನೆ ದನಗಾಹಿಯೂ ಬಹುಕಾಲ ಮೇದು ಬಾಳಿದ ನೆಲವನ್ನು ಮನುಷ್ಯಸ್ಪರ್ಶವಿಲ್ಲದ್ದೆಂದು ಕರೆದದ್ದು ಆ ನೆಲದ ಇತಿಹಾಸಕ್ಕೆ ಮಾಡಿದ ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಇತ್ತ ಮೃಗಗಳ ಸ್ಥಿತಿ ಏನಾಗಿತ್ತು? ಜರ್ಮನಿಯ ಬರ್ನ್‌ಹಾರ್ಡ್ ಗ್ರ್ಜಿಮೆಕ್ ಮತ್ತು ಅವರ ಮಗ ಮೈಕೆಲ್ 1958ರಲ್ಲಿ ಜೀಬ್ರಾದಂತೆ ಪಟ್ಟೆ ಬಳಿದ ಚಿಕ್ಕ ವಿಮಾನದಲ್ಲಿ ಕುಳಿತು ಹಿಂಡುಗಳನ್ನು ಎಣಿಸಿದರು. ಅವರಿಗೆ ಸಿಕ್ಕಿದ ವಿಲ್ಡೆಬೀಸ್ಟ್‌ಗಳು ಸುಮಾರು 1 ಲಕ್ಷ. ಎಣಿಕೆ ಕಡಮೆಯೇ ಇದ್ದಿರಬೇಕು. ಆದರೂ ಅದೊಂದು ಸಾಹಸ. 1959ರ ಜನವರಿಯಲ್ಲಿ ಆ ವಿಮಾನಕ್ಕೆ ರಣಹದ್ದೊಂದು ಬಡಿದು ಮೈಕೆಲ್ ಮಡಿದರು. 1961ರ ಎಣಿಕೆಯಲ್ಲಿ ಸಂಖ್ಯೆ ಎರಡೂವರೆ ಲಕ್ಷದ ಆಸುಪಾಸಿನಲ್ಲಿತ್ತು. 1965ರಲ್ಲಿ ಸುಮಾರು 4.4 ಲಕ್ಷ, 1971ರಲ್ಲಿ ಸುಮಾರು 7 ಲಕ್ಷ, 1977ರಲ್ಲಿ 13-14 ಲಕ್ಷ! ಹದಿನಾರು ವರ್ಷಗಳಲ್ಲಿ ಐದು ಪಾಲು ಹೆಚ್ಚಳ. ಕಾಡೆಮ್ಮೆಗಳೂ ಎರಡು ಪಾಲಿಗಿಂತ ಹೆಚ್ಚಾದುವು.

ಕಾರಣವೇನೆಂದು ಹುಡುಕಿದವರಿಗೆ ಸುಳಿವು ಕೊಟ್ಟದ್ದು ಜೀಬ್ರಾ. ವಿಲ್ಡೆಬೀಸ್ಟ್ ಮೇದಲ್ಲಿಯೇ ಅದೂ ಮೇಯುತ್ತದೆ, ಅದೇ ನೀರು ಕುಡಿಯುತ್ತದೆ, ಅದೇ ಸಿಂಹಕ್ಕೆ ಆಹುತಿಯಾಗುತ್ತದೆ. ಆದರೂ ಅದರ ಸಂಖ್ಯೆ 2 ಲಕ್ಷದ ಸುತ್ತಮುತ್ತಲೇ ನಿಂತಿತ್ತು. ಜೀಬ್ರಾ ಕುದುರೆಯ ಕುಲದ್ದು, ಗೊರಸು ಸೀಳಿಲ್ಲದ್ದು. ದೊಡ್ಡರೋಗ ಅದಕ್ಕೆ ತಗಲುವುದಿಲ್ಲ. ಗಣಿತದ ಉಪಾಧ್ಯಾಯರು ತರಗತಿಯಲ್ಲಿ ಬಳಸಿಕೊಳ್ಳಲು ತಕ್ಕ ಉದಾಹರಣೆಯಿದು: ಎರಡು ಹಿಂಡುಗಳಿಗೆ ಉಳಿದೆಲ್ಲ ಸಮಾನವಾಗಿ, ಒಂದೇ ಒಂದು ಅಂಶ ಬೇರೆಯಾದಾಗ ಕಾರಣ ತಾನಾಗಿ ಎದ್ದು ಕಾಣುತ್ತದೆ.

ಕೆನ್ಯಾದ ಮುಗುಗಾ ಸಂಶೋಧನಾಲಯದಲ್ಲಿದ್ದ ವಾಲ್ಟರ್ ಪ್ಲೌರೈಟ್ ವಿಲ್ಡೆಬೀಸ್ಟ್‌ಗಳ ರಕ್ತವನ್ನು ಪರೀಕ್ಷಿಸಿದಾಗ ಈ ಊಹೆಗೆ ಆಧಾರ ದೊರೆಯಿತು. 1963ರ ಮುಂಚೆ ಹುಟ್ಟಿದವುಗಳ ರಕ್ತದಲ್ಲಿ ರೋಗವನ್ನು ಗೆದ್ದುಬಂದ ಗುರುತಿತ್ತು. ಅನಂತರ ಹುಟ್ಟಿದವುಗಳಲ್ಲಿ ಇರಲಿಲ್ಲ. ಅಲ್ಲಿಯವರೆಗೆ ನಡೆಯುತ್ತಿದ್ದುದು ಇಷ್ಟು. ಕರು ತಾಯಿಯ ಮೊದಲ ಹಾಲಿನಿಂದ ಪಡೆದ ರಕ್ಷಣೆ ಕೆಲವು ತಿಂಗಳಲ್ಲಿ ತೀರುತ್ತಿತ್ತು; ಆಮೇಲೆ ರೋಗ ತಗಲಿ ವರ್ಷ ತುಂಬುವುದರೊಳಗೆ ಬಹಳಷ್ಟು ಕರುಗಳು ಸಾಯುತ್ತಿದ್ದುವು. ಸಿಂಹ ಕತ್ತೆಕಿರುಬಗಳಿಂದ ತಪ್ಪಿಸಿಕೊಳ್ಳಲು ಕಲಿತ ಮೂರು ವಾರಗಳ ಉಪಾಯ ಕಣ್ಣಿಗೆ ಕಾಣದ ಈ ಶತ್ರುವಿನ ಮುಂದೆ ನಿರುಪಯುಕ್ತವಾಗಿತ್ತು. ಅಷ್ಟೇ ಅಲ್ಲ, ಒಟ್ಟೊಟ್ಟಿಗೆ ಹುಟ್ಟಿ ಒತ್ತೊತ್ತಾಗಿ ಬೆಳೆದ ಕರುಗಳು ರೋಗಕ್ಕೆ ಸುಲಭದ ತುತ್ತಾಗಿದ್ದುವು.

ರೋಗ ತೊಲಗಿದ್ದಾದರೂ ಹೇಗೆ? ಕಾಡಿನಲ್ಲಿ ಯಾರೂ ಮೃಗಗಳಿಗೆ ಲಸಿಕೆ ಹಾಕಲಿಲ್ಲ. ಸುತ್ತಲ ದನಗಳಿಗೆ ಹಾಕಿದರು. ಮೃಗಗಳೇ ರೋಗದ ತವರು, ಅವುಗಳಿಂದಲೇ ದನಗಳಿಗೆ ಅಂಟುತ್ತದೆ ಎಂದು ಬಹುಕಾಲ ಆಪಾದಿಸುತ್ತಿದ್ದರು. ದನಗಳಿಗೆ ಲಸಿಕೆ ಬಿದ್ದೊಡನೆ ಕಾಡಿನಲ್ಲಿಯೂ ರೋಗ ಆರಿತು. ಗೆದ್ದುಬಂದ ಪ್ರಾಣಿಗೆ ಜೀವನಪರ್ಯಂತ ಮತ್ತೆ ತಗಲದ ರೋಗವಿದು; ಹೊಸ ಹೊಸ ದನಗಳು ದೊರಕುತ್ತಿದ್ದರೆ ಮಾತ್ರ ಉಳಿಯಬಲ್ಲದು. ಆಪಾದನೆ ತಿರುಗಿ ನಿಂತಿತು: ಅಪರಾಧಿ ಮೃಗವಲ್ಲ, ಕೊಟ್ಟಿಗೆ.

ಹಿಂಡು ಹೆಚ್ಚಿದ ಪರಿಣಾಮ ಹಿಂಡಿನಲ್ಲಿಯೇ ನಿಲ್ಲಲಿಲ್ಲ. 1960ರ ದಶಕದ ಆರಂಭದಲ್ಲಿ ಉದ್ಯಾನದ 100ಕ್ಕೆ 80 ಭಾಗದ ಹುಲ್ಲು ವರ್ಷಂಪ್ರತಿ ಕಾಡುಕಿಚ್ಚಿಗೆ ಆಹುತಿಯಾಗುತ್ತಿತ್ತು. ಹತ್ತು ಲಕ್ಷಕ್ಕೂ ಮಿಕ್ಕಿದ ಬಾಯಿಗಳು ಹುಲ್ಲನ್ನು ಮೇದುಬಿಟ್ಟ ಮೇಲೆ ಉರಿಯಲು ಒಣಹುಲ್ಲೇ ಸಾಲದಾಯಿತು. ಬೆಂಕಿ ತಗ್ಗಿದೊಡನೆ, ವರ್ಷವರ್ಷವೂ ಸುಟ್ಟು ಸಾಯುತ್ತಿದ್ದ ಜಾಲಿಯ ಸಸಿಗಳು ತಲೆಯೆತ್ತಿ ಮರಗಳಾದುವು. ಜಿರಾಫೆಗಳಿಗೆ ಮೇವು ಹೆಚ್ಚಿತು. ಸಿಂಹಗಳೂ ಕತ್ತೆಕಿರುಬಗಳೂ ಹೆಚ್ಚಿದುವು. 1965ರಿಂದ ಅಲ್ಲಿ ದುಡಿದ ಆಂಟನಿ ಸಿಂಕ್ಲೇರ್ ಮೊದಲಾದವರು ಈ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ತೋರಿಸಿದ್ದಾರೆ. 1970ರ ದಶಕದ ಬೇಸಗೆ ಮಳೆಗಳ ನೆರವೂ ಇತ್ತೆಂಬುದನ್ನು ಅವರು ಮರೆತಿಲ್ಲ. ಇಂದು ನಾವು ಚಿತ್ರದಲ್ಲಿ ಕಾಣುವ ಕೊಡೆಮರಗಳಲ್ಲಿ ಎಷ್ಟೋ ಮರಗಳು ಅಜ್ಜಂದಿರ ಪ್ರಾಯದವೂ ಅಲ್ಲ, ಅಪ್ಪಂದಿರ ಪ್ರಾಯದವು.

ಆ ಲಸಿಕೆಯ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಸ್ಥಾನವುಂಟು. 1920ರ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬವರು ರೋಗಾಣುವನ್ನು ಮೇಕೆಯಿಂದ ಮೇಕೆಗೆ ಹಾಯಿಸಿ ಅದರ ಉಗ್ರತೆಯನ್ನು ತಗ್ಗಿಸಿ ಲಸಿಕೆ ಮಾಡಿದರು. 1954ರಿಂದ ಭಾರತದಲ್ಲಿ ರಾಷ್ಟ್ರವ್ಯಾಪಿಯಾದ ನಿರ್ಮೂಲನ ಕಾರ್ಯ ನಡೆಯಿತು. ಮುಗುಗಾದಲ್ಲಿ ಪ್ಲೌರೈಟ್ 1960ರ ವೇಳೆಗೆ ಸಿದ್ಧಪಡಿಸಿದ, ಇನ್ನೂ ನಿರಪಾಯವೂ ಅಗ್ಗವೂ ಆದ ಲಸಿಕೆ ಮುಂದೆ ಎಲ್ಲ ದೇಶಗಳಿಗೂ ಒದಗಿತು. ಅದಕ್ಕಾಗಿ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ನಮ್ಮ ದೇಶದ ಕೊನೆಯ ಪ್ರಕರಣ 1995ರಲ್ಲಿ ತಮಿಳುನಾಡಿನಲ್ಲಿ ಕಂಡಿತು. 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ಅಳಿಯಿತೆಂದು ಸಾರಲಾಯಿತು. ಮನುಷ್ಯ ಹೀಗೆ ನಿರ್ಮೂಲ ಮಾಡಿದ ರೋಗಗಳು ಎರಡೇ; ಮೊದಲನೆಯದು ಸಿಡುಬು. ಮಸಾಯಿಗಳ ಸರ್ವನಾಶಕ್ಕೆ ಕೈಗೂಡಿಸಿದ್ದುವೂ ಈ ಎರಡೇ.

ಜಗತ್ತಿನಲ್ಲಿ ದೊಡ್ಡರೋಗ ಕಟ್ಟಕಡೆಗೆ ಕಾಣಿಸಿದ್ದು 2001ರಲ್ಲಿ, ಕೆನ್ಯಾದ ಮೇರು ರಾಷ್ಟ್ರೀಯ ಉದ್ಯಾನದಲ್ಲಿ, ಕಾಡೆಮ್ಮೆಗಳ ಒಂದು ಹಿಂಡಿನಲ್ಲಿ. ಲುಗಾರ್ಡ್ ಉಗಾಂಡಾದ ದಾರಿಯಲ್ಲಿ ಕಂಡ ಹೆಣಗಳು ಅವುಗಳ ಪೂರ್ವಿಕರವು.